ಹೊಳೆಯಲ್ಲಿ ಈಜಿ ಬೆಳೆದವರಿಗೆ ಲೈಫ್ ಗಾರ್ಡ್ ತರಬೇತಿ ಬೇಕೇ?

ಪ್ರಶ್ನೆ: ನನಗೆ 22 ವರ್ಷ. ಊರು ಹೊನ್ನಾವರದ ಹತ್ತಿರ. ಶರಾವತಿ ಹೊಳೆಯಲ್ಲಿ ಈಜಿಯೇ ಬೆಳೆದವನು, ಅಪ್ಪನ ಜೊತೆ ದೋಣಿಗೂ ಹೋಗುತ್ತೇನೆ. ಲೈಫ್ ಗಾರ್ಡ್ ಆಗಬೇಕೆಂಬ ಆಸೆ. ಒಬ್ಬ ಏಜೆಂಟ್ ಎರಡೇ ದಿನದಲ್ಲಿ 'ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್' ಮಾಡಿಸಿಕೊಡುತ್ತೇನೆ, ಅದಿದ್ದರೆ ದುಬೈನಲ್ಲಿ ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಮನೆಯಲ್ಲಿ ಮಾತ್ರ 'ಕಡಲ ಮಕ್ಕಳಿಗೆ ಈಜಿನ ಪಾಠ ಯಾಕೆ, ದುಡ್ಡು ದಂಡ' ಅನ್ನುತ್ತಾರೆ. ನನಗೆ ಫ್ರೀಸ್ಟೈಲ್ ಸರಿಯಾಗಿ ಬರುವುದಿಲ್ಲ, ತಲೆ ಎತ್ತಿಯೇ ಈಜಿ ಅಭ್ಯಾಸ. ಕನ್ನಡಕವೂ ಇದೆ, ಮೈನಸ್ 2.5. ಏನು ಮಾಡಲಿ? 19 ವರ್ಷದ ತಂಗಿಗೂ ಇದೇ ಆಸೆ. ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ?

ಉತ್ತರ: ಈಗಾಗಲೇ ಬರುವ ವಿದ್ಯೆಗೆ ದುಡ್ಡು ಕೊಡುತ್ತಿದ್ದೇನಾ, ಕೊಟ್ಟ ದುಡ್ಡಿಗೆ ಸಿಗುವ ಕಾಗದ ನಡೆಯುತ್ತದಾ ಎಂಬುದು ನಿಮ್ಮ ಚಿಂತೆ. ಮೊದಲು ಮನೆಯವರ ಮಾತು ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ.

ಹೊಳೆಯಲ್ಲಿ ಬೆಳೆದವರಿಗೆ ನೀರಿನ ಭಯವಿರುವುದಿಲ್ಲ. ಉಬ್ಬರ, ಇಳಿತ, ಅಳಿವೆಯ ಸೆಳೆತ ಗೊತ್ತಿರುತ್ತದೆ. ಈಜುಕೊಳದಲ್ಲೇ ಕಲಿತವರಿಗೆ ಇದನ್ನು ತರಗತಿಯಲ್ಲಿ ಹೇಳಿಕೊಡುವುದು ಬಹಳ ಕಷ್ಟ. ಆದರೆ ಲೈಫ್ ಗಾರ್ಡ್ ಕೆಲಸದಲ್ಲಿ ಈಜು ಒಂದು ಪಾಲು ಮಾತ್ರ. ಮುಳುಗುತ್ತಿರುವವರನ್ನು ಗುಂಪಿನಲ್ಲಿ ಗುರುತಿಸುವುದು, ಅವರ ಹಿಡಿತಕ್ಕೆ ಸಿಗದೆ ಅವರನ್ನು ಎಳೆದು ತರುವುದು, ದಡಕ್ಕೆ ತಂದ ಮೇಲೆ ಉಸಿರು ಕೊಡುವುದು, ಈ ಮೂರನ್ನೂ ಹೊಳೆ ಕಲಿಸುವುದಿಲ್ಲ. ಕೆರೆಯಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇಬ್ಬರೂ ನೀರುಪಾಲಾದರು ಎಂಬ ಸುದ್ದಿ ನಮ್ಮಲ್ಲಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಹಾಗೆ ಹೋದವರಲ್ಲಿ ಚೆನ್ನಾಗಿ ಈಜು ಬರುತ್ತಿದ್ದವರೂ ಇರುತ್ತಾರೆ.

ಅದು ಹೇಗೆ ಆಗುತ್ತದೆಂದರೆ, ಮುಳುಗುವವರು ಕೈ ಬೀಸಿ 'ಕಾಪಾಡಿ' ಎಂದು ಕೂಗುವುದು ಸಿನಿಮಾದಲ್ಲಿ. ಬಾಯಿ ನೀರಿನ ಮೇಲೆ ಬರುವುದೇ ಒಂದು ಕ್ಷಣ, ಆ ಕ್ಷಣ ಉಸಿರೆಳೆದುಕೊಳ್ಳಲು ಬೇಕು, ಕೂಗಲು ಉಸಿರಿರುವುದಿಲ್ಲ. ಎರಡೂ ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲು ಕೆಲಸ ಮಾಡುತ್ತಿರುವುದಿಲ್ಲ, ಮುಖ ದಡದ ಕಡೆಗಿರುತ್ತದೆ. ನ್ಯೂಯಾರ್ಕಿನ ಕಡಲತೀರದಲ್ಲಿ ಲೈಫ್ ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಇದನ್ನು ಚಿತ್ರೀಕರಿಸಿ ಗುರುತಿಸಿದರು. ಅವರ ಪ್ರಕಾರ ಈ ಸ್ಥಿತಿಯಲ್ಲಿ ಒಬ್ಬರು ನೀರಿನ ಮೇಲಿರುವುದು 20ರಿಂದ 60 ಸೆಕೆಂಡ್ ಮಾತ್ರ. ಆ ಹೊತ್ತಿನಲ್ಲಿ ನೀವು ಎದುರಿನಿಂದ ಹೋದರೆ ಆ ಕೈಗಳು ನೀರಿನ ಬದಲು ನಿಮ್ಮ ಭುಜವನ್ನು, ತಲೆಯನ್ನು ಕೆಳಕ್ಕೆ ಒತ್ತುತ್ತವೆ. ಅದು ಯೋಚಿಸಿ ಮಾಡುವ ಕೆಲಸವಲ್ಲ, ಹಾಗಾಗಿ 'ಬಿಡು' ಎಂದರೆ ಬಿಡುವುದಿಲ್ಲ. ನಿಮಗಿಂತ ಹತ್ತು ಕಿಲೋ ಕಡಿಮೆ ಇರುವವರೂ ನಿಮ್ಮನ್ನು ಮುಳುಗಿಸಬಲ್ಲರು.

ಆದ್ದರಿಂದ ತರಬೇತಿಯಲ್ಲಿ ಮೊದಲು ಕಲಿಸುವುದೇ ನೀರಿಗೆ ಇಳಿಯದೆ ಕಾಪಾಡುವ ಕ್ರಮ: ಕೂಗಿ ಹೇಳು, ಕೋಲು ಚಾಚು, ತೇಲುವ ವಸ್ತು ಎಸೆ, ಎದೆಮಟ್ಟದ ನೀರಾದರೆ ನಡೆದು ಹೋಗು, ದೋಣಿಯಿದ್ದರೆ ದೋಣಿಯಲ್ಲಿ ಹೋಗು, ಇದ್ಯಾವುದೂ ಆಗದಿದ್ದರೆ ಮಾತ್ರ ಈಜು. ಈಜಿದರೂ ಬರಿಗೈಯಲ್ಲಿ ಹೋಗುವಂತಿಲ್ಲ. ರೆಸ್ಕ್ಯೂ ಟ್ಯೂಬ್ ಅಂದರೆ ಸುಮಾರು 4 ಅಡಿ ಉದ್ದದ ಫೋಮ್, ಅದಕ್ಕೊಂದು ಹಗ್ಗ, ಹಗ್ಗದ ತುದಿಗೆ ಭುಜದಿಂದ ಎದೆಗೆ ಅಡ್ಡಲಾಗಿ ಹಾಕಿಕೊಳ್ಳುವ ಪಟ್ಟಿ. ಕುಳಿತಿರುವಾಗ ಉಳಿದ ಹಗ್ಗವನ್ನು ಮಡಿಸಿ ಕೈಯಲ್ಲೇ ಹಿಡಿದಿರಬೇಕು. ಕೆಳಗೆ ಜೋತುಬಿಟ್ಟರೆ ನೆಗೆಯುವ ಹೊತ್ತಿಗೆ ಅದು ಕುರ್ಚಿಯ ಕಾಲಿಗೆ ಸುತ್ತಿಕೊಂಡು ನಿಮ್ಮನ್ನೇ ಎಳೆದು ಬೀಳಿಸುತ್ತದೆ. ಹತ್ತಿರ ಹೋದ ಮೇಲೆ ಆಗುವಷ್ಟೂ ಹಿಂದಿನಿಂದ ಹೋಗಿ, ಅವರ ಎರಡೂ ಕಂಕುಳ ಕೆಳಗೆ ಕೈ ಹಾಕಿ, ನಿಮ್ಮ ಎದೆಗೂ ಅವರ ಬೆನ್ನಿಗೂ ನಡುವೆ ಟ್ಯೂಬ್ ಒತ್ತಿ, ಅವರನ್ನು ಹಿಂದಕ್ಕೆ ಒರಗಿಸಿಕೊಳ್ಳಬೇಕು. ನಿಮ್ಮ ತಲೆ ಒಂದು ಪಕ್ಕಕ್ಕೆ ವಾಲಿರಬೇಕು. ನೆಟ್ಟಗಿದ್ದರೆ ಅವರು ತಲೆ ಹಿಂದಕ್ಕೆ ಹೊಡೆದಾಗ ನಿಮ್ಮ ಮೂಗು ಒಡೆಯುತ್ತದೆ. ಎದುರಿನಿಂದಲೇ ಹೋಗಬೇಕಾಗಿ ಬಂದರೆ ಟ್ಯೂಬನ್ನು ಮುಂದಕ್ಕೆ ತಳ್ಳಿ ಅವರ ಎದೆಗೆ ಕೊಡಬೇಕು, ಅದನ್ನು ಅಪ್ಪಿಕೊಂಡರೆ ನಿಮ್ಮನ್ನು ಹಿಡಿಯಲು ಕೈ ಉಳಿಯುವುದಿಲ್ಲ. ಅಷ್ಟಾಗಿಯೂ ಹಿಡಿದರೆ ಗದ್ದ ಎದೆಗೊತ್ತಿಕೊಂಡು ನೀರಿನೊಳಗೆ ಹೋಗಿ. ಅವರಿಗೆ ಬೇಕಿರುವುದು ಮೇಲೆ ಇರುವುದು, ಕೆಳಕ್ಕೆ ಹೋಗುವುದನ್ನು ಅವರು ಹಿಡಿದುಕೊಳ್ಳುವುದಿಲ್ಲ. ಇದನ್ನೆಲ್ಲ ಓದಿದರೆ ಬಾರದು. ಸಹಪಾಠಿ ನಿಜವಾಗಿ ಒದ್ದಾಡಿ ಹಿಡಿದುಕೊಂಡಾಗ, ಹತ್ತಾರು ಸಲ ಬಿಡಿಸಿಕೊಂಡ ಮೇಲೆ ಬರುತ್ತದೆ. ಎರಡು ದಿನದ ಕೋರ್ಸ್ ಸೋಲುವುದು ಇಲ್ಲಿಯೇ.

ದಡಕ್ಕೆ ತಂದ ಮೇಲಿನ ಮಾತು ಇನ್ನೂ ಮುಖ್ಯ. ಈ ವಿಷಯದಲ್ಲಿ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಬೆನ್ನ ಮೇಲೆ ಹೊತ್ತು ತಿರುಗಿಸುವುದು, ಎಲ್ಲವೂ ಹಾನಿ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯ ನೀರು, ಮತ್ತು ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮುಳುಗಿದ ಮಗುವನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂಬ ಸಂದೇಶವನ್ನು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಹೆತ್ತವರು ಗಂಟೆಗಟ್ಟಲೆ ಕಾದದ್ದು 2022 ಮತ್ತು 2023ರಲ್ಲಿ ಸುದ್ದಿಯಾಯಿತು. ಆ ತಂದೆತಾಯಿಯರ ತಪ್ಪಲ್ಲ ಅದು. ಅಲ್ಲಿ ಸರಿಯಾದದ್ದನ್ನು ತಿಳಿದವರು ಒಬ್ಬರಾದರೂ ಇರಬೇಕಿತ್ತು. ಉಪ್ಪು ಏನನ್ನೂ ಹೀರಿ ತೆಗೆಯುವುದಿಲ್ಲ.

ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕ ಇಲ್ಲದ್ದರಿಂದ. ಹಾಗಾಗಿ ಇಲ್ಲಿ ಮೊದಲು ಬೇಕಾದದ್ದು ಉಸಿರು. ಹೃದಯಾಘಾತದ ಪ್ರಚಾರದಲ್ಲಿ ತೋರಿಸುವ 'ಎದೆ ಮಾತ್ರ ಒತ್ತಿ' ಎಂಬ ವಿಧಾನ ಮುಳುಗಿದವರಿಗೆ ಸಾಲದು. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಂದ ಉಸಿರು ಕೊಡಬೇಕು. ಯುರೋಪಿನ ಪದ್ಧತಿಯಲ್ಲಿ ಮೊದಲು 5 ಉಸಿರು, ಅಮೆರಿಕದ ಪದ್ಧತಿಯಲ್ಲಿ 2. ಆಮೇಲೆ ಎರಡರಲ್ಲೂ 30 ಸಲ ಎದೆ ಒತ್ತುವುದು, 2 ಉಸಿರು. ವಯಸ್ಕರಲ್ಲಿ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಬಾಯಿಂದ ನೊರೆ ಬರುತ್ತಲೇ ಇರುತ್ತದೆ, ಅದನ್ನು ಒರೆಸುತ್ತಾ ಕೂರಬಾರದು, ನೊರೆಯ ಮೇಲೆಯೇ ಉಸಿರು ಕೊಡಬೇಕು. ವಾಂತಿಯಾದರೆ ಮಾತ್ರ ಪಕ್ಕಕ್ಕೆ ಹೊರಳಿಸಿ ಬಾಯಿ ಶುಚಿ ಮಾಡಿ ಮುಂದುವರಿಸಬೇಕು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಇದ್ದರೆ ಎದೆ ಒರೆಸಿ ಒಣಗಿಸಿಯೇ ಪ್ಯಾಡ್ ಅಂಟಿಸಬೇಕು. ಎದ್ದು ಕೂತು 'ಏನಾಗಿಲ್ಲ' ಅಂದವರನ್ನೂ ಕೆಮ್ಮು, ಏದುಸಿರು ಇದ್ದರೆ ಆಸ್ಪತ್ರೆಗೆ ಕಳಿಸಲೇಬೇಕು. ಶ್ವಾಸಕೋಶದ ತೊಂದರೆ ಮುಂದಿನ ಕೆಲವು ಗಂಟೆಗಳಲ್ಲಿ ಹೆಚ್ಚಾಗಬಹುದು. ಉಸಿರು ಕೊಡುವುದನ್ನು ಬೊಂಬೆಯ ಮೇಲೆ ಮಾಡಿಸದ ಯಾವ ಲೈಫ್ ಗಾರ್ಡ್ ಕೋರ್ಸಿಗೂ ಹಣ ಕೊಡಬೇಡಿ.

ಈಗ ಸರ್ಟಿಫಿಕೇಟಿನ ವಿಷಯ. ಭಾರತದಲ್ಲಿ ಲೈಫ್ ಗಾರ್ಡ್‌ಗೆ ಡ್ರೈವಿಂಗ್ ಲೈಸೆನ್ಸಿನಂತೆ ಎಲ್ಲ ಕಡೆ ನಡೆಯುವ ಒಂದೇ ಸರ್ಕಾರಿ ಪರವಾನಗಿ ಇಲ್ಲ. ಜಗತ್ತಿನಲ್ಲೂ ಇಲ್ಲ. ಬ್ರಿಟನ್‌ದು ಬೇರೆ, ಅಮೆರಿಕದ್ದು ಬೇರೆ, ಆಸ್ಟ್ರೇಲಿಯಾದ್ದು ಬೇರೆ. ಆದ್ದರಿಂದ 'ಇಂಟರ್‌ನ್ಯಾಷನಲ್' ಎಂಬ ಪದಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ. ಯಾವ ಸಂಸ್ಥೆ ಕೊಟ್ಟದ್ದು, ಯಾವ ನೀರಿಗೆ ಕೊಟ್ಟದ್ದು, ಯಾವತ್ತಿನವರೆಗೆ ನಡೆಯುತ್ತದೆ, ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಒಪ್ಪುತ್ತಾರಾ ಎಂಬ ನಾಲ್ಕಕ್ಕೆ ಉತ್ತರ ಬೇಕು.

ಪುಣೆಯಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಈಜುಕೊಳದ ಲೈಫ್ ಗಾರ್ಡ್ ತರಬೇತಿಗೆ ನಮ್ಮಲ್ಲಿ ಹೆಚ್ಚು ಪರಿಚಿತ ಹೆಸರು. ಸಮುದ್ರಕ್ಕೆ, ಜಲಕ್ರೀಡೆಗೆ ಸಂಬಂಧಿಸಿದ ತರಬೇತಿಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಅದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯದು, ನಿಮ್ಮ ಊರಿನಿಂದ ರೈಲಿನಲ್ಲಿ ಕೆಲವೇ ಗಂಟೆ. ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸ ತರಬೇತಿ ನಡೆಸುತ್ತದೆ. ಗೋವಾದ ಬೀಚುಗಳಲ್ಲಿ 2008ರಿಂದ ಸರ್ಕಾರದ ಗುತ್ತಿಗೆಯಲ್ಲಿ ದೃಷ್ಟಿ ಎಂಬ ಸಂಸ್ಥೆಯ ಲೈಫ್ ಗಾರ್ಡ್‌ಗಳಿದ್ದಾರೆ, ಆಯ್ಕೆಯಾದವರಿಗೆ ಅದು ತಾನೇ ತರಬೇತಿ ಕೊಡುತ್ತದೆ. ಈಜು ಕೋಚ್ ಆಗಲು ಮಾಡುವ ಎನ್‌ಐಎಸ್ ಕೋರ್ಸ್ ಲೈಫ್ ಗಾರ್ಡ್ ತರಬೇತಿಯಲ್ಲ. ಹಲವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ನಿಮ್ಮ ಮಟ್ಟ ಅಳೆಯಲು ಹೊರದೇಶದ ಪ್ರವೇಶ ಪರೀಕ್ಷೆಗಳೇ ಒಳ್ಳೆಯ ಅಳತೆಗೋಲು, ಏಕೆಂದರೆ ಅವು ಬರಹದಲ್ಲಿ ಸ್ಪಷ್ಟವಾಗಿವೆ. ಬ್ರಿಟನ್ನಿನ ಈಜುಕೊಳದ ಅರ್ಹತೆಗೆ ಕನಿಷ್ಠ ವಯಸ್ಸು 16. 50 ಮೀಟರನ್ನು 60 ಸೆಕೆಂಡಿನೊಳಗೆ ಈಜಬೇಕು, ಜೊತೆಗೆ ಬೋರಲಾಗಿ ಮತ್ತು ಅಂಗಾತವಾಗಿ ಎಡೆಬಿಡದೆ ಒಟ್ಟು 100 ಮೀಟರ್ ಈಜು, 30 ಸೆಕೆಂಡ್ ಕಾಲಾಡಿಸಿ ನೀರಲ್ಲೇ ನಿಲ್ಲುವುದು, ಕೊಳದ ತಳಕ್ಕೆ ಮುಳುಗುವುದು, ಏಣಿಯಿಲ್ಲದೆ ಮೇಲೆ ಹತ್ತುವುದು. ಅಮೆರಿಕನ್ ರೆಡ್ ಕ್ರಾಸ್ ಪರೀಕ್ಷೆಯಲ್ಲಿ ಸುಮಾರು 4.5 ಕಿಲೋ ತೂಕದ ಇಟ್ಟಿಗೆಯನ್ನು ತಳದಿಂದ ಎತ್ತಿ, ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು, ಕಾಲಿನ ಬಲದಿಂದಲೇ ಅಂಗಾತ ಈಜಿಕೊಂಡು ವಾಪಸ್ ಬರಬೇಕು, ಹೋಗಿ ಬರುವುದೆಲ್ಲ ಸೇರಿ 1 ನಿಮಿಷ 40 ಸೆಕೆಂಡ್. ಕೈ ಬಳಸದೆ 2 ನಿಮಿಷ ನೀರಲ್ಲಿ ನಿಲ್ಲುವುದೂ ಇದೆ. ಆಸ್ಟ್ರೇಲಿಯಾದ ಕಡಲತೀರದ ಬ್ರಾಂಜ್ ಮೆಡಾಲಿಯನ್ ಎಂಬ ಅರ್ಹತೆಗೆ 400 ಮೀಟರ್ ಈಜು 9 ನಿಮಿಷದೊಳಗೆ, ಆಮೇಲೆ 200 ಮೀಟರ್ ಓಟ, 200 ಈಜು, 200 ಓಟ, ಒಟ್ಟು 8 ನಿಮಿಷದೊಳಗೆ. ಬ್ರಿಟನ್, ಅಮೆರಿಕದ ಸರ್ಟಿಫಿಕೇಟ್ 2 ವರ್ಷಕ್ಕೆ ಮುಗಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಪ್ರತಿ ವರ್ಷ ಕೌಶಲ ತೋರಿಸಿ ಮುಂದುವರಿಸಬೇಕು. 'ಲೈಫ್‌ಟೈಮ್ ವ್ಯಾಲಿಡಿಟಿ' ಎಂದು ಯಾರಾದರೂ ಹೇಳಿದರೆ ಅದೇ ನಕಲಿಯ ಗುರುತು.

ತಲೆ ಎತ್ತಿ ಈಜುವ ನಿಮ್ಮ ಅಭ್ಯಾಸದ ಬಗ್ಗೆ ಕೀಳರಿಮೆ ಬೇಡ. ಮುಳುಗುವವರ ಮೇಲೆ ಕಣ್ಣಿಟ್ಟು ಹೋಗಲು ಅದೇ ಬೇಕು, ಕೊಳದಲ್ಲಿ ಕಲಿತವರಿಗೆ ಅದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ತೊಂದರೆ ಏನೆಂದರೆ ತಲೆ ಮೇಲಿದ್ದಾಗ ಸೊಂಟ, ಕಾಲು ಕೆಳಗಿಳಿದು ನೀರು ತಡೆಯುತ್ತದೆ. 50 ಮೀಟರ್ ಹೇಗೋ ಆದೀತು, 400 ಮೀಟರ್ 9 ನಿಮಿಷದಲ್ಲಿ ಆಗುವುದಿಲ್ಲ. ಅದಕ್ಕೆ 100 ಮೀಟರಿಗೆ 2 ನಿಮಿಷ 15 ಸೆಕೆಂಡಿನ ವೇಗವನ್ನು ನಾಲ್ಕು ಸಲ ಉಳಿಸಿಕೊಳ್ಳಬೇಕು. ಎರಡು ತಿಂಗಳು, ವಾರಕ್ಕೆ ನಾಲ್ಕು ದಿನ ಈಜುಕೊಳಕ್ಕೆ ಹೋಗಿ. ಮೊದಲ ಎರಡು ವಾರ ದೂರದ ಗೊಡವೆ ಬೇಡ. ಮುಖ ನೀರಿನಲ್ಲಿಟ್ಟು ನೀರೊಳಗೆ ಉಸಿರು ಬಿಡುವುದು, ಪಕ್ಕಕ್ಕೆ ಹೊರಳಿ ಎಳೆಯುವುದು, ಇಷ್ಟೇ. ಹೊಳೆ ಈಜಿನವರು ಉಸಿರು ಹಿಡಿದೇ ಈಜುತ್ತಾರೆ, 75 ಮೀಟರಿಗೆ ದಣಿಯುವುದು ಅದರಿಂದ. ಮೂರನೇ ವಾರದಿಂದ 50 ಮೀಟರಿನ ಎಂಟು ಸುತ್ತು, ನಡುವೆ ಅರ್ಧ ನಿಮಿಷ ವಿಶ್ರಾಂತಿ. ಐದನೇ ವಾರದಿಂದ 100 ಮೀಟರಿನ ನಾಲ್ಕು. ಪ್ರತಿ ದಿನದ ಕೊನೆಗೆ ಕೈ ಮೇಲೆತ್ತಿ ನೀರಲ್ಲಿ ನಿಲ್ಲುವ ಅಭ್ಯಾಸ. ಕಾಲನ್ನು ಸೈಕಲ್ ತುಳಿದಂತೆ ಆಡಿಸಿದರೆ ಬೇಗ ಸುಸ್ತಾಗುತ್ತದೆ, ಎರಡೂ ಮೊಣಕಾಲು ಅಗಲಿಸಿ ಒಂದಾದ ಮೇಲೊಂದು ಒಳಸುತ್ತು ಹಾಕುವುದನ್ನು ಕಲಿಯಿರಿ.

ಒಂದು ಎಚ್ಚರಿಕೆ. ತಳದಿಂದ ಇಟ್ಟಿಗೆ ಎತ್ತುವ ಅಭ್ಯಾಸಕ್ಕೆ ಮುಂಚೆ ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಡುವ ಚಾಳಿ ಹುಡುಗರಲ್ಲಿದೆ. ಅದರಿಂದ ರಕ್ತದ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ, ಆಮ್ಲಜನಕ ಹೆಚ್ಚುವುದಿಲ್ಲ. ಉಸಿರು ಬೇಕೆಂಬ ಒತ್ತಡ ಬರುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪುತ್ತದೆ. ಸದ್ದಿಲ್ಲದೆ ಆಗುತ್ತದೆ, ಒಳ್ಳೆಯ ಈಜುಗಾರರಿಗೇ ಆಗುತ್ತದೆ. ಒಂದೆರಡು ಸಾಮಾನ್ಯ ಉಸಿರು ಸಾಕು, ಒಬ್ಬರೇ ಅಭ್ಯಾಸ ಮಾಡಬೇಡಿ.

ಈಜುಕೊಳವೋ ಕಡಲೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಈಜುಕೊಳದ ಕೆಲಸ ಬೆಂಗಳೂರು, ಮಂಗಳೂರಿನ ಹೋಟೆಲ್, ಕ್ಲಬ್, ಅಪಾರ್ಟ್‌ಮೆಂಟ್‌ಗಳಲ್ಲಿ ವರ್ಷವಿಡೀ ಇದೆ. ಅಲ್ಲಿ ನೀರು ಶಾಂತ, ಅಪಾಯವಿರುವುದು ಬೇಸರದಲ್ಲಿ. 10/20 ಎಂಬ ನಿಯಮ ಹೇಳಿಕೊಡುತ್ತಾರೆ: ನಿಮ್ಮ ಪಾಲಿನ ನೀರನ್ನು ತಳದವರೆಗೆ 10 ಸೆಕೆಂಡಿಗೊಮ್ಮೆ ನೋಡಿ ಮುಗಿಸಬೇಕು, ಕಂಡವರನ್ನು ಮುಂದಿನ 20 ಸೆಕೆಂಡಿನಲ್ಲಿ ಮುಟ್ಟಬೇಕು. ಇದನ್ನು ಗಂಟೆಗಟ್ಟಲೆ ಮಾಡಲು ಯಾರಿಂದಲೂ ಆಗದು, ಅದಕ್ಕೇ ಪಾಳಿ ಬದಲಿಸಬೇಕು. ನಮ್ಮಲ್ಲಿ ಬಹಳ ಕಡೆ ಒಬ್ಬರೇ ಇರುತ್ತಾರೆ, ಅವರಿಗೇ ಮಕ್ಕಳಿಗೆ ಈಜು ಕಲಿಸಲು, ಕ್ಲೋರಿನ್ ಹಾಕಲು, ರಿಜಿಸ್ಟರ್ ಬರೆಸಲು ಹೇಳುತ್ತಾರೆ. ಒಂದು ಮಗುವಿಗೆ ಕೈಹಿಡಿದು ಕಲಿಸುವಾಗ ಉಳಿದವರ ಮೇಲೆ ಕಣ್ಣಿರುವುದಿಲ್ಲ. ಕೆಲಸಕ್ಕೆ ಸೇರುವಾಗಲೇ 'ಕಾಯುವ ಹೊತ್ತಿನಲ್ಲಿ ಬೇರೆ ಕೆಲಸವಿಲ್ಲ' ಎಂದು ಬರಹದಲ್ಲಿ ಕೇಳಿ. ಆಳದ ತಳದಲ್ಲಿರುವ ನೀರು ಹೋಗುವ ಜಾಲರಿ ಮೇಲಿಂದ ಸ್ಪಷ್ಟವಾಗಿ ಕಾಣದಷ್ಟು ನೀರು ಕದಡಿದ್ದರೆ ಕೊಳ ಮುಚ್ಚಿಸುವ ಅಧಿಕಾರ ನಿಮಗಿರಬೇಕು.

ಕಡಲಿನ ಕೆಲಸ ನಿಮಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪಕ್ಕದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚುಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಹಾಗೂ ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದವು, ಅದು ಉಳಿಯಲು ಜೀವರಕ್ಷಣೆಯ ವ್ಯವಸ್ಥೆ ಇರಲೇಬೇಕು. ಗೋಕರ್ಣ, ಮುರ್ಡೇಶ್ವರದಲ್ಲಿಯೂ ಜನ ಬೇಕು. ಆದರೆ ಇವು ಬಹುತೇಕ ಗುತ್ತಿಗೆ ಕೆಲಸ. ಸಂಬಳ ಯಾರು ಕೊಡುತ್ತಾರೆ, ಮಳೆಗಾಲದಲ್ಲಿ ಕೆಲಸ ಇದೆಯಾ, ವಿಮೆ ಇದೆಯಾ ಎಂದು ಕೇಳಿಯೇ ಸೇರಿ. ಅಪಾಯವೂ ಮಳೆಗಾಲಕ್ಕೆ ಮಾತ್ರ ಸೀಮಿತವಲ್ಲ. ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದದ್ದು 2024ರ ಡಿಸೆಂಬರಿನಲ್ಲಿ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಮರಳು ದಿಬ್ಬಗಳ ನಡುವಿನ ತಗ್ಗನ್ನು ಹಿಡಿಯುತ್ತದೆ. ಅಲ್ಲಿ ಅಲೆ ಕಡಿಮೆ ಒಡೆಯುತ್ತದೆ, ನೀರಿನ ಬಣ್ಣ ಕಡು, ಹೊರಗಿನಿಂದ ಬಂದವರಿಗೆ ಅದೇ ಶಾಂತವಾದ ಜಾಗದಂತೆ ಕಂಡು ಅಲ್ಲಿಯೇ ಇಳಿಯುತ್ತಾರೆ. ಆ ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ, ಅದಕ್ಕೆದುರು ಈಜಿ ಗೆಲ್ಲಲಾಗದು. ಲೈಫ್ ಗಾರ್ಡ್ ಅದನ್ನೇ ಬಳಸಿಕೊಂಡು ಬೇಗ ಹೊರಗೆ ಹೋಗುತ್ತಾರೆ, ಸಿಕ್ಕವರನ್ನು ತೇಲಿಸಿಕೊಂಡು ದಡಕ್ಕೆ ಸಮಾನಾಂತರವಾಗಿ ಸರಿದು, ಅಲೆ ಒಡೆಯುವ ಕಡೆಯಿಂದ ಒಳಗೆ ತರುತ್ತಾರೆ. ದೋಣಿಯಲ್ಲಿ ಓಡಾಡಿದ ನಿಮಗೆ ಈ ತಗ್ಗುಗಳು ಕಣ್ಣಿಗೆ ಬೇಗ ಬೀಳುತ್ತವೆ.

ಇನ್ನು ದುಬೈ. ಏಜೆಂಟ್ ಹೇಳುವ ಕ್ರಮ ತಲೆಕೆಳಗಾಗಿದೆ. ಮೊದಲು ಕೆಲಸ ಕೊಡುವವರ ಆಫರ್ ಲೆಟರ್, ಅದರಲ್ಲಿ ಯಾವ ಸಂಸ್ಥೆಯ ಸರ್ಟಿಫಿಕೇಟ್ ಬೇಕೆಂಬ ಹೆಸರು, ಆಮೇಲೆ ಕೋರ್ಸ್. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅದರಲ್ಲಿ ಆತನ ಹೆಸರು, ನೋಂದಣಿ ಸಂಖ್ಯೆ ಇದೆಯಾ ನೋಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿ ಕೊಡಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಿ ಎಂದರೆ ಅಲ್ಲಿಗೇ ನಿಲ್ಲಿಸಿ. ಕೋರ್ಸಿನ ಬಗ್ಗೆ ಕೇಳಬೇಕಾದದ್ದು: ನೀರಿನಲ್ಲಿ ಒಟ್ಟು ಎಷ್ಟು ಗಂಟೆ, ಒಬ್ಬ ತರಬೇತುದಾರರಿಗೆ ಎಷ್ಟು ಜನ, ಪರೀಕ್ಷೆ ಮಾಡುವವರು ಯಾರು, ಫೇಲಾಗುವವರು ಇದ್ದಾರಾ. ಪಾಠದ ಭಾಗ ಆನ್‌ಲೈನ್ ಇದ್ದರೆ ತಪ್ಪಲ್ಲ, ನೀರಿನ ಭಾಗ ಆನ್‌ಲೈನ್ ಆಗಲು ಸಾಧ್ಯವೇ ಇಲ್ಲ. ಬ್ರಿಟನ್ನಿನ ಈಜುಕೊಳದ ಕೋರ್ಸ್‌ಗೇ 36 ಗಂಟೆಗೂ ಹೆಚ್ಚು ಬೇಕು. ಎರಡು ದಿನದಲ್ಲಿ ಅದು ಮುಗಿಯುವುದಿಲ್ಲ.

ಕನ್ನಡಕ ಅಡ್ಡಿಯಾಗಬೇಕಾಗಿಲ್ಲ, ಆದರೆ ಮುಚ್ಚಿಡಬೇಡಿ. ಕಾಯುವಾಗ ದಾರವಿರುವ ಕನ್ನಡಕ ಹಾಕಿಕೊಳ್ಳಬಹುದು. ನೀರಿಗೆ ನೆಗೆದ ಮೇಲೆ ಅದಿರುವುದಿಲ್ಲ. ಮೈನಸ್ 2.5ರಲ್ಲಿ ಅರ್ಧ ಮೀಟರ್‌ನಾಚೆಗೆ ಎಲ್ಲವೂ ಮಸುಕು. ಹಾಗಾಗಿ ಕನ್ನಡಕ ತೆಗೆದು 25 ಮೀಟರ್ ದೂರದ ನೀರಿನಲ್ಲಿರುವ ತಲೆಯನ್ನು ಗುರುತಿಸಿ ಅದರತ್ತ ನೇರ ಈಜಲು ಆಗುತ್ತದಾ ಎಂದು ಗೆಳೆಯನನ್ನು ನಿಲ್ಲಿಸಿ ಪರೀಕ್ಷಿಸಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೀರಿಗಿಳಿಯುವುದು ಬೇಡ. ಲೆನ್ಸ್ ಕೊಚ್ಚಿಹೋಗುತ್ತದೆ, ಜೊತೆಗೆ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿ ಕಾರ್ನಿಯಾಕ್ಕೆ ಗಂಭೀರ ಸೋಂಕು ತರಬಲ್ಲದು. ಕೋರ್ಸಿಗೆ ಹಣ ಕಟ್ಟುವ ಮೊದಲೇ ಕಣ್ಣಿನ ಡಾಕ್ಟರರ ವರದಿ ಇಟ್ಟುಕೊಂಡು, ಸೇರಬೇಕೆಂದಿರುವ ಕಡೆಯ ದೃಷ್ಟಿ ನಿಯಮ ಕೇಳಿ. ಲೇಸರ್ ಚಿಕಿತ್ಸೆಯ ಯೋಚನೆ ಇದ್ದರೆ ಪವರ್ ಒಂದು ವರ್ಷದಿಂದ ಬದಲಾಗಿಲ್ಲ ಎಂಬುದು ಖಚಿತವಾಗಲಿ, ಗಾಯ ಮಾಯುವವರೆಗೆ ಈಜು ನಿಲ್ಲಿಸಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ತಂಗಿಗೆ ಖಂಡಿತ ಅವಕಾಶವಿದೆ. ಗೋವಾದ ಬೀಚುಗಳಲ್ಲಿ ಮಹಿಳಾ ಲೈಫ್ ಗಾರ್ಡ್‌ಗಳು ಕೆಲಸ ಮಾಡುತ್ತಿದ್ದಾರೆ. ನಮ್ಮ ಈಜುಕೊಳಗಳ ಮಹಿಳಾ ಬ್ಯಾಚ್‌ಗಳಿಗೆ ತರಬೇತಿ ಪಡೆದ ಮಹಿಳೆಯರು ಸಿಗುವುದೇ ಕಷ್ಟ. ಮೇಲೆ ಹೇಳಿದ ಪರೀಕ್ಷೆಗಳ ದೂರ, ಸಮಯ ಹೆಣ್ಣಿಗೂ ಗಂಡಿಗೂ ಒಂದೇ. ಟ್ಯೂಬ್ ಭಾರ ಹೊರುವುದರಿಂದ ಎಳೆದು ತರುವುದರಲ್ಲಿ ತೋಳ್ಬಲಕ್ಕಿಂತ ಕಾಲಿನ ಒದೆತ ಮುಖ್ಯ. ಕಷ್ಟವಾಗುವುದು ದಪ್ಪನೆಯ ವ್ಯಕ್ತಿಯನ್ನು ನೀರಿನಿಂದ ಕಟ್ಟೆಯ ಮೇಲೆತ್ತುವಾಗ. ಅದನ್ನು ಗಂಡಸರೂ ಒಬ್ಬರೇ ಮಾಡಬಾರದು, ಇಬ್ಬರು ಸೇರಿ ಹಲಗೆಯ ಮೇಲೆ ಜಾರಿಸಿ ಎಳೆಯುವುದನ್ನೇ ಕಲಿಸುತ್ತಾರೆ. ಅಭ್ಯಾಸಕ್ಕೆ ಚೂಡಿದಾರ್ ಬೇಡ, ಒದ್ದೆಯಾದ ಬಟ್ಟೆ ಕಾಲಿಗೆ ಸುತ್ತುತ್ತದೆ. ಮೈಮುಚ್ಚುವ ಉದ್ದ ತೋಳಿನ, ಮೈಗಂಟುವ ಈಜುಡುಗೆ ಅಂಗಡಿಗಳಲ್ಲಿ ಸಿಗುತ್ತದೆ, ಪರೀಕ್ಷೆಗೂ ಅದೇ ಸಾಕು. ನೀವಿಬ್ಬರೂ ಒಟ್ಟಿಗೆ ಅಭ್ಯಾಸ ಮಾಡುವುದಾದರೆ ಒಬ್ಬರು ನೀರಿನಲ್ಲಿ, ಒಬ್ಬರು ದಡದಲ್ಲಿ ಎಂಬಂತೆ ಸರದಿ ಇಟ್ಟುಕೊಳ್ಳಿ, ದಡದಲ್ಲಿರುವವರ ಕೈಯಲ್ಲಿ ಒಂದು ಟ್ಯೂಬ್ ಅಥವಾ ಹಗ್ಗ ಕಟ್ಟಿದ ಮುಚ್ಚಿದ ಖಾಲಿ ಕ್ಯಾನ್ ಇರಲಿ.